ಲವಂಗದ ಎಲೆ, ಗಂಧದ ಚೇಗು

ಜಪಾನಿನಲ್ಲಿ ಲವಂಗದ ಮರ ಬೆಳೆಯುವುದಿಲ್ಲ. ಇಲ್ಲಿನ ಚಳಿ ಅದಕ್ಕೆ ಆಗಿಬರುವುದಿಲ್ಲ. ಆದರೂ ಈ ದೇಶದವರು ಲವಂಗವನ್ನು ಎಲ್ಲೆಲ್ಲಿ ಇಟ್ಟುಕೊಂಡಿದ್ದಾರೆಂದು ನೋಡಿದರೆ ನಮಗೆ ಸೋಜಿಗವಾಗುತ್ತದೆ. ನಾವು ಅದನ್ನು ಪಲಾವಿಗೂ ಬೀಡಕ್ಕೂ ಹಲ್ಲುನೋವಿಗೂ ಬಿಟ್ಟುಕೊಟ್ಟು ಸುಮ್ಮನಾದೆವು. ಇವರು ಅದನ್ನು ಬಟ್ಟೆಯ ಬಣ್ಣದಲ್ಲಿ, ಮನೆತನದ ಲಾಂಛನದಲ್ಲಿ, ಕೊನೆಗೆ ಕತ್ತಿಯ ಅಲಗಿನ ಮೇಲೂ ಇಟ್ಟಿದ್ದಾರೆ.

ಯೋಕೋಹಾಮಾದಲ್ಲಿ ಜಪಾನೀ ಕತ್ತಿಗಳನ್ನು ನೋಡಿಕೊಳ್ಳುವ ಹವ್ಯಾಸಿಯೊಬ್ಬರ ಮನೆಗೆ ಹೋದರೆ ಒಂದು ಸಣ್ಣ ಮರದ ಪೆಟ್ಟಿಗೆ ತೋರಿಸುತ್ತಾರೆ. ಅದರಲ್ಲಿ ಒರೆಸುವ ಮೆತ್ತನೆಯ ಕಾಗದ, ಕಲ್ಲಿನ ನುಣ್ಣನೆಯ ಪುಡಿ ಕಟ್ಟಿದ ರೇಷ್ಮೆಯ ಉಂಡೆ, ಒಂದು ಪುಟ್ಟ ಸುತ್ತಿಗೆ ಮತ್ತು ಒಂದು ಸೀಸೆ ಎಣ್ಣೆ ಇರುತ್ತವೆ. ಆ ಎಣ್ಣೆಯ ಹೆಸರು ಚೋಜಿ ಅಬುರಾ, ಅಂದರೆ ಲವಂಗದ ಎಣ್ಣೆ. ಮುಚ್ಚಳ ತೆಗೆದರೆ ನಮ್ಮೂರ ಹಲ್ಲಿನ ಡಾಕ್ಟರ ಕೋಣೆಯೇ ಎದುರಿಗೆ ಬಂದ ಹಾಗಾಗುತ್ತದೆ. ಹೆಸರು ಲವಂಗದ್ದಾದರೂ ಸೀಸೆಯೊಳಗಿನ ಬಹುಪಾಲು ಬೇರೆಯದೇ. ಹಿಂದೆ ಅದು ಕ್ಯಾಮೆಲಿಯಾ ಬೀಜದ ಎಣ್ಣೆ. ಈಗ ಸಾಮಾನ್ಯವಾಗಿ ತೆಳ್ಳನೆಯ ಖನಿಜ ತೈಲ. ಕಬ್ಬಿಣಕ್ಕೆ ಗಾಳಿ, ತೇವ ತಾಕದಂತೆ ತಡೆಯುವ ಕೆಲಸ ಆ ಎಣ್ಣೆಯದು. ಲವಂಗದ್ದು ಒಂದೆರಡು ಹನಿ, ಪರಿಮಳಕ್ಕೆ.

ಆ ಒಂದೆರಡು ಹನಿ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದವನಿಗೆ ನಮ್ಮ ಮೈಸೂರಿನ ಗಂಧದ ಮರ ಅಡ್ಡಬಂತು. ಎರಡೂ ಸುವಾಸನೆಯ ಮರಗಳು. ಎರಡನ್ನೂ ಆಳುವವರು ಒಂದಲ್ಲ ಒಂದು ಕಾಲದಲ್ಲಿ ಕತ್ತಿ ಹಿಡಿದು ಕಾದರು. ಇವತ್ತು ಲವಂಗದ ಎಲೆಯ ಎಣ್ಣೆ ಕಿಲೋಗೆ ಸಾವಿರದ ಲೆಕ್ಕದಲ್ಲಿ ಸಿಕ್ಕಿದರೆ ಗಂಧದ ಎಣ್ಣೆ ಲಕ್ಷದ ಲೆಕ್ಕದಲ್ಲಿದೆ. ಹೀಗೇಕಾಯಿತು ಎಂಬುದು ಈ ಬರಹದ ವಿಷಯ.

ಮೊದಲು ಹೆಸರಿನ ಮಾತು. ಚೀನೀಯರು ಲವಂಗದ ಮೊಗ್ಗಿಗೆ ಮೊಳೆಯ ಆಕಾರ ಕಂಡು ಆ ಅರ್ಥದ ಅಕ್ಷರವನ್ನೇ ಹೆಸರಾಗಿಟ್ಟರು. ಜಪಾನಿನ ಚೋಜಿ ಅಲ್ಲಿಂದಲೇ ಬಂದದ್ದು. ಇಂಗ್ಲಿಷಿನ ಕ್ಲೋವ್ ಕೂಡ ಲ್ಯಾಟಿನ್ನಿನಲ್ಲಿ ಮೊಳೆ ಎಂಬ ಪದದಿಂದ ಹುಟ್ಟಿದ್ದು. ಭೂಮಿಯ ಎರಡು ತುದಿಗಳಲ್ಲಿ ಜನ ಒಂದೇ ವಸ್ತುವನ್ನು ನೋಡಿ ಒಂದೇ ಮಾತು ಆಡಿದ್ದಾರೆ! ಅದಕ್ಕೂ ಹಿಂದೆ ಚೀನಾದಲ್ಲಿ ಲವಂಗಕ್ಕೆ ಕೋಳಿನಾಲಿಗೆ ಎಂಬ ಹೆಸರಿತ್ತು. ಹಾನ್ ದೊರೆಗಳ ಆಸ್ಥಾನದಲ್ಲಿ ಅಧಿಕಾರಿಗಳು ಚಕ್ರವರ್ತಿಯ ಮುಂದೆ ಮಾತಾಡುವಾಗ ಬಾಯಿ ವಾಸನೆ ಬಾರದಿರಲೆಂದು ಲವಂಗ ಇಟ್ಟುಕೊಳ್ಳಬೇಕಿತ್ತು. ನಮ್ಮ ಕೆಲವು ಆಫೀಸ್ ಮೀಟಿಂಗುಗಳಿಗೂ ಈ ನಿಯಮ ತರಬಹುದು.

ನಾರಾ ನಗರದ ಶೋಸೋಇನ್ ಎಂಬ ಮರದ ಭಂಡಾರದಲ್ಲಿ 8ನೇ ಶತಮಾನದ ವಸ್ತುಗಳನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ. ಅವುಗಳಲ್ಲಿ ಲವಂಗವೂ ಇದೆ. ಆ ಕಾಲಕ್ಕೆ ಲವಂಗ ಬೆಳೆಯುತ್ತಿದ್ದುದು ಇಂದಿನ ಇಂಡೋನೇಷ್ಯಾದ ಮೂಡಣ ಮೂಲೆಯ ಮಲುಕು ದ್ವೀಪಗಳಲ್ಲಿ, ಅದರಲ್ಲೂ ತೆರ್ನಾತೆ, ತಿದೋರೆ ಮೊದಲಾದ ಕೈಬೆರಳೆಣಿಕೆಯ ಜ್ವಾಲಾಮುಖಿ ದ್ವೀಪಗಳಲ್ಲಿ ಮಾತ್ರ. ಅಲ್ಲಿಂದ ಎಷ್ಟು ಕೈ ದಾಟಿ ನಾರಾಕ್ಕೆ ಬಂದಿರಬೇಕೆಂದು ನೀವೇ ಊಹಿಸಿಕೊಳ್ಳಿ. ಹೆಯಾನ್ ಕಾಲದ ಅರಮನೆಯಲ್ಲಿ ಅಗರು, ಗಂಧ, ಲವಂಗ, ಶಂಖದ ಚಿಪ್ಪಿನ ಪುಡಿ, ಕಸ್ತೂರಿ ಸೇರಿಸಿ ಧೂಪದ ಉಂಡೆ ಕಟ್ಟುತ್ತಿದ್ದರು. ಯಾರ ಮಿಶ್ರಣ ಮೇಲು ಎಂದು ಸ್ಪರ್ಧೆ ನಡೆಸುತ್ತಿದ್ದರು. ಅಂಥ ಒಂದು ಸ್ಪರ್ಧೆ 'ಗೆಂಜಿಯ ಕಥೆ'ಯಲ್ಲಿ ಬರುತ್ತದೆ. ಲವಂಗ ಕುದಿಸಿದ ನೀರಿನಲ್ಲಿ ಅದ್ದಿದ ಬಟ್ಟೆಗೆ ತಿಳಿ ಕಂದು ಬಣ್ಣ ಬರುತ್ತಿತ್ತು, ಜೊತೆಗೆ ಘಮವೂ ಉಳಿಯುತ್ತಿತ್ತು. ಮುಂದೆ ಮದುವೆಯ ಕಿಮೊನೋಗಳ ಮೇಲೆ ಮೂಡಿಸುವ ಮಂಗಳವಸ್ತುಗಳ ಸಾಲಿನಲ್ಲಿ ಹಣದ ಚೀಲ, ಸುತ್ತಿಗೆ, ಬೀಗದ ಕೈ ಇವುಗಳ ಪಕ್ಕದಲ್ಲಿ ಲವಂಗವೂ ಸೇರಿತು. ಸಿಗುವುದು ದುರ್ಲಭ, ಆದ್ದರಿಂದ ಸಂಪತ್ತು.

ಕತ್ತಿಗೂ ಲವಂಗಕ್ಕೂ ನಂಟು ಎಣ್ಣೆಗಿಂತ ಮೊದಲೇ ಇತ್ತು. ಕಾಸಿದ ಅಲಗನ್ನು ನೀರಿಗದ್ದಿ ಹದ ಮಾಡುವಾಗ ಅಂಚಿನುದ್ದಕ್ಕೂ ಒಂದು ಬಿಳಿಯ ಗೆರೆ ಮೂಡುತ್ತದೆ. ಅದಕ್ಕೆ ಹಾಮೊನ್ ಎನ್ನುತ್ತಾರೆ. ಕಾಮಾಕುರಾ ಕಾಲದಲ್ಲಿ ಬಿಜೆನ್ ಪ್ರಾಂತ್ಯದ, ಅಂದರೆ ಇಂದಿನ ಒಕಾಯಾಮಾದ, ಇಚಿಮೊಂಜಿ ಪರಂಪರೆಯ ಕಮ್ಮಾರರು ಆ ಗೆರೆಯನ್ನು ಸಾಲಾಗಿ ಜೋಡಿಸಿದ ಲವಂಗದ ಮೊಗ್ಗುಗಳಂತೆ ಮೂಡಿಸಿದರು. ಅದರ ಹೆಸರೇ ಚೋಜಿ ಹಾಮೊನ್. ಲವಂಗದ ಮರವನ್ನು ಎಂದೂ ನೋಡದ ಕಮ್ಮಾರ, ಉಕ್ಕಿನಲ್ಲಿ ಅದರ ಮೊಗ್ಗು ಬಿಡಿಸಿದ. ನನ್ನ ಮಟ್ಟಿಗೆ ಲವಂಗದ ಇತಿಹಾಸದಲ್ಲಿ ಇದಕ್ಕಿಂತ ಸುಂದರವಾದ ಪ್ರಸಂಗ ಇನ್ನೊಂದಿಲ್ಲ.

ಇಷ್ಟೂ ಮೊಗ್ಗಿನ ಕಥೆ. ಎಲೆಯ ಎಣ್ಣೆ ತೀರಾ ಈಚಿನದು, ಅದರ ದರ್ಜೆಯೂ ಬೇರೆ. ಲವಂಗದ ಮರದಿಂದ ಮೂರು ಬಗೆಯ ಎಣ್ಣೆ ಇಳಿಸುತ್ತಾರೆ. ಒಣಗಿದ ಮೊಗ್ಗಿನಲ್ಲಿ ತೂಕದ ನೂರಕ್ಕೆ ಹದಿನೈದರಷ್ಟೋ ಅದಕ್ಕಿಂತ ಹೆಚ್ಚೋ ಎಣ್ಣೆ ಇರುತ್ತದೆ. ಮೊಗ್ಗು ಬಿಡಿಸಿದ ಮೇಲೆ ಉಳಿಯುವ ತೊಟ್ಟಿನಲ್ಲಿ ಐದಾರು. ಎಲೆಯಲ್ಲಿ ಎರಡೋ ಮೂರೋ. ಮೂರರಲ್ಲೂ ಮುಖ್ಯ ವಸ್ತು ಯೂಜಿನಾಲ್. ಎಲೆಯೆಣ್ಣೆಯಲ್ಲಿ ಅದು ನೂರಕ್ಕೆ ಎಂಬತ್ತರ ಮೇಲಿರುತ್ತದೆ. ಮೊಗ್ಗಿನೆಣ್ಣೆಯಲ್ಲಿ ಯೂಜಿನೈಲ್ ಅಸಿಟೇಟ್ ಕೂಡ ಗಣನೀಯವಾಗಿದ್ದು, ಅದರಿಂದ ಹಣ್ಣಿನಂಥ ಒಂದು ಸಿಹಿ ದುಂಡುತನ ಬರುತ್ತದೆ. ಎಲೆಯೆಣ್ಣೆಗೆ ಆ ನಯವಿಲ್ಲ. ಒರಟು, ಮರದ ಹೊಟ್ಟಿನ ವಾಸನೆ, ಸ್ವಲ್ಪ ಸುಟ್ಟಂತೆ.

ಜಾವಾ, ಸುಲಾವೆಸಿಗಳಲ್ಲಿ ಬೇಸಗೆಯಲ್ಲಿ ತಾನಾಗಿ ಉದುರಿದ ಎಲೆಗಳನ್ನು ಗುಡಿಸಿ ಚೀಲಕ್ಕೆ ತುಂಬಿ ಬಟ್ಟಿಯವನಿಗೆ ಮಾರುತ್ತಾರೆ. ದೊಡ್ಡ ಹಂಡೆಗೆ ಎಲೆ ಒತ್ತಿ ತುಂಬಿ ಕೆಳಗಿನಿಂದ ಹಬೆ ಹಾಯಿಸುತ್ತಾರೆ. ಎಣ್ಣೆ ಇಳಿದ ಎಲೆಯನ್ನು ಬಿಸಿಲಿಗೆ ಹರಡಿ, ಅದನ್ನೇ ಮುಂದಿನ ಒಲೆಗೆ ಉರುವಲು ಮಾಡುವುದುಂಟು. ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲಿ ಹಸಿ ಎಲೆಯನ್ನು ರೆಂಬೆ ಸಮೇತ ಕಡಿದು ಇಳಿಸುತ್ತಾರೆ. ಅಲ್ಲಿ ಸೌದೆ ಸುಡುವುದರಿಂದ ಕಾಡಿಗೆ ಪೆಟ್ಟು, ಅತಿಯಾಗಿ ಸವರಿದ ಮರ ಮೊಗ್ಗು ಕಡಿಮೆ ಬಿಡುತ್ತದೆ. ಹಬೆ ತಣಿದು ನೀರಾಗಿ ಬಂದಾಗ ನಮ್ಮ ಗಂಧದೆಣ್ಣೆ ಮೇಲೆ ತೇಲುತ್ತದೆ. ಲವಂಗದ ಎಣ್ಣೆ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಹಂಡೆ ಕಬ್ಬಿಣದ್ದಾದರೆ ಯೂಜಿನಾಲ್ ಅದರ ಜೊತೆ ಸೇರಿ ಎಣ್ಣೆ ಕಪ್ಪಾಗುತ್ತದೆ. ಹಳ್ಳಿಯಿಂದ ಬಂದ ಕಪ್ಪೆಣ್ಣೆಯನ್ನು ಪಟ್ಟಣದ ಕಾರ್ಖಾನೆಯಲ್ಲಿ ಮತ್ತೆ ಶುದ್ಧ ಮಾಡುತ್ತಾರೆ. ಕತ್ತಿಯ ಕಬ್ಬಿಣಕ್ಕೆ ಹಚ್ಚುವ ಎಣ್ಣೆಯಲ್ಲಿ ಲವಂಗ ಒಂದೆರಡು ಹನಿಯಷ್ಟೇ ಇರುವುದು ಸರಿಯಾಗಿಯೇ ಇದೆ, ನೋಡಿ.

ಸುಗಂಧದ್ರವ್ಯದ ಲೋಕದಲ್ಲಿ ಈ ಒರಟು ಎಣ್ಣೆಗೆ ಕೆಲಸ ತೆರೆಯ ಹಿಂದೆ. ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮ್ಲ ಹಾಕಿ ಯೂಜಿನಾಲನ್ನು ಬೇರ್ಪಡಿಸುತ್ತಾರೆ. ಅದರ ಅಣುವಿನಲ್ಲಿ ಒಂದು ಬಂಧವನ್ನು ಪಕ್ಕಕ್ಕೆ ಸರಿಸಿದರೆ ಐಸೋಯೂಜಿನಾಲ್ ಆಗುತ್ತದೆ, ಅದು ಕಾರ್ನೇಷನ್ ಹೂವಿನ ಜೀವ. ಕಾರ್ನೇಷನ್ನಿನಿಂದ ನೇರವಾಗಿ ಅತ್ತರು ತೆಗೆಯುವುದು ದುಬಾರಿ. ಹಾಗಾಗಿ ಕ್ಯಾರನ್ ಕಂಪನಿಯ 1927ರ ಬೆಲೋಜಿಯಾ, ನೀನಾ ರಿಚ್ಚಿಯ 1948ರ ಲೇರ್ ದ್ಯು ತಾಂ ಇವುಗಳಲ್ಲಿ ಜನ ಮೂಸಿ ಮೆಚ್ಚಿದ ಆ ಹೂವು ಬಹಳ ಮಟ್ಟಿಗೆ ಲವಂಗದ ರಸಾಯನವೇ. ಐಸೋಯೂಜಿನಾಲನ್ನು ಇನ್ನೂ ಒಂದು ಹೆಜ್ಜೆ ಉತ್ಕರ್ಷಿಸಿದರೆ ವ್ಯಾನಿಲಿನ್. 19ನೇ ಶತಮಾನದ ಕೊನೆಯಿಂದ ಕೆಲವು ದಶಕ ಐಸ್‌ಕ್ರೀಮಿನ ವ್ಯಾನಿಲಾ ಘಮದಲ್ಲಿ ಬಹುಪಾಲು ಲವಂಗದ ಎಣ್ಣೆಯಿಂದ ಬಂದದ್ದು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯ ಕಸದಿಂದ ವ್ಯಾನಿಲಿನ್ ತೆಗೆಯಲು ಕಲಿತ ಮೇಲೆ ಆ ದಾರಿ ಸೊರಗಿತು. ಯೂಜಿನಾಲ್ ಮತ್ತು ಐಸೋಯೂಜಿನಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಯುರೋಪು 2003ರಲ್ಲಿ ಲೇಬಲ್ಲಿನಲ್ಲಿ ಹೆಸರಿಸಲೇಬೇಕೆಂದ 26 ಪರಿಮಳವಸ್ತುಗಳಲ್ಲಿ ಎರಡೂ ಇವೆ. ಹಳೆಯ ಕಾರ್ನೇಷನ್ ಅತ್ತರುಗಳು ಈಗ ಹಿಂದಿನಂತಿಲ್ಲ ಎಂದು ಹಿರಿಯರು ಗೊಣಗುವುದಕ್ಕೆ ಇದೂ ಒಂದು ಕಾರಣ.

ಇಂಥ ಎಲೆಯನ್ನು ಗುಡಿಸಿ ಮಾರುವಷ್ಟು ಮರಗಳು ಬಂದದ್ದು ಹೇಗೆ? ಇಲ್ಲಿ ಕಾವಲಿನ ಕಥೆ ಬರುತ್ತದೆ.

ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಲವಂಗ ಬೆಳೆಯುವುದಕ್ಕಿಂತ ಬೇರೆಯವರು ಬೆಳೆಯದಂತೆ ನೋಡಿಕೊಳ್ಳುವುದು ಮುಖ್ಯವಾಗಿತ್ತು. 1652ರಲ್ಲಿ ತೆರ್ನಾತೆಯ ಸುಲ್ತಾನನಿಗೆ ವರ್ಷಾಶನ ಗೊತ್ತುಮಾಡಿ, ಅವನ ಸೀಮೆಯ ಲವಂಗದ ಮರಗಳನ್ನೆಲ್ಲ ಕಡಿಸುವ ಒಪ್ಪಂದ ಮಾಡಿಕೊಂಡರು. ಅಂಬೋನ್ ಮತ್ತು ಅದರ ಪಕ್ಕದ ಚಿಕ್ಕ ದ್ವೀಪಗಳಲ್ಲಿ ಮಾತ್ರ ಬೆಳೆಗೆ ಅಪ್ಪಣೆ. ಹೊಂಗಿ ಎಂಬ ಯುದ್ಧದೋಣಿಗಳ ಪಡೆ ದ್ವೀಪದಿಂದ ದ್ವೀಪಕ್ಕೆ ಹೋಗಿ ಕದ್ದು ಬೆಳೆದ ಮರಗಳನ್ನು ಉರುಳಿಸುತ್ತಿತ್ತು. ಆ ದೋಣಿಗಳಿಗೆ ಹುಟ್ಟು ಹಾಕಬೇಕಾದವರು ಆ ದ್ವೀಪಗಳ ಜನರೇ. ತವರಿನಲ್ಲೇ ಲವಂಗ ಅಪರಾಧವಾಯಿತು. ಇತ್ತ ಜಪಾನ್ 1641ರಿಂದ ಯುರೋಪಿನವರ ಪೈಕಿ ಡಚ್ಚರಿಗೆ ಮಾತ್ರ, ಅದೂ ನಾಗಾಸಾಕಿಯ ದೆಜಿಮಾ ಎಂಬ ಗೇಣುದ್ದದ ದ್ವೀಪದಲ್ಲಿ ಮಾತ್ರ, ವ್ಯಾಪಾರ ಬಿಟ್ಟುಕೊಟ್ಟಿತ್ತು. ಮಾರುವ ಕಡೆ ಒಬ್ಬನೇ, ಕೊಳ್ಳುವ ಕಡೆ ಒಂದೇ ಬಾಗಿಲು. ಆ ಕಾಲದ ಜಪಾನೀಯರು ಲವಂಗವನ್ನು ಹನಿ ಲೆಕ್ಕದಲ್ಲಿ, ಚಿಟಿಕೆ ಲೆಕ್ಕದಲ್ಲಿ ಬಳಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಈ ಕೋಟೆಗೆ ಕನ್ನ ಕೊರೆದವನು ಪಿಯರ್ ಪುವಾವ್ರ್ ಎಂಬ ಫ್ರೆಂಚ್ ಮನುಷ್ಯ. ಫ್ರೆಂಚಿನಲ್ಲಿ ಪುವಾವ್ರ್ ಎಂದರೆ ಮೆಣಸು, ನಮ್ಮವರಾಗಿದ್ದರೆ ಮೆಣಸಪ್ಪ ಎನ್ನಬಹುದಿತ್ತು. ಪಾದ್ರಿಯಾಗಲು ಹೊರಟು, 1745ರಲ್ಲಿ ಬ್ರಿಟಿಷರೊಡನೆ ನಡೆದ ಸಮುದ್ರ ಕಾಳಗದಲ್ಲಿ ಬಲಗೈ ಕಳೆದುಕೊಂಡವನು. ಮುಂದೆ ಮಾರಿಷಸ್ಸಿನ ಆಡಳಿತಾಧಿಕಾರಿಯಾಗಿ, 1770ರಲ್ಲಿ ಮಲುಕು ಕಡೆಗೆ ಹಡಗು ಕಳಿಸಿ ಲವಂಗ, ಜಾಯಿಕಾಯಿಗಳ ಸಸಿಗಳನ್ನು ಕದ್ದು ತರಿಸಿದ. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ನೂರಾರು ವರ್ಷ ಬೀಗ ಹಾಕಿಟ್ಟಿದ್ದ ಸೋರ್ಸ್ ಕೋಡ್ ಒಂದು ದಿನ ಹೊರಬಿತ್ತು. ಮಾರಿಷಸ್ಸಿನಿಂದ ರಿಯೂನಿಯನ್, ಅಲ್ಲಿಂದ 19ನೇ ಶತಮಾನದ ಆರಂಭಕ್ಕೆ ಮಡಗಾಸ್ಕರ್ ಮತ್ತು ಜಾಂಜಿಬಾರ್. ನಮ್ಮ ಕಡೆಯೂ ಈಸ್ಟ್ ಇಂಡಿಯಾ ಕಂಪನಿ 1800ರ ಸುಮಾರಿಗೆ ತಮಿಳುನಾಡಿನ ಕುತ್ತಾಲದಲ್ಲಿ ಲವಂಗ ನೆಡಿಸಿತು.

ಹೀಗೆ ಹೊರಬಿದ್ದ ಲವಂಗ ಎಲ್ಲರಿಗೂ ಬಿಡುಗಡೆ ತಂದಿತೆಂದು ತಿಳಿಯಬಾರದು. ಒಮಾನಿನ ಸುಲ್ತಾನ ಸಯ್ಯದ್ ಸೈದ್ ತನ್ನ ರಾಜಧಾನಿಯನ್ನೇ ಜಾಂಜಿಬಾರಿಗೆ ತಂದು ದ್ವೀಪದ ತುಂಬ ಲವಂಗ ನೆಡಿಸಿದ. ದುಡಿದವರು ಆಫ್ರಿಕದ ಒಳನಾಡಿನಿಂದ ಹಿಡಿದು ತಂದ ಗುಲಾಮರು. ಅಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಹೋದದ್ದು 1897ರಲ್ಲಿ. ಅಗ್ಗದ ಲವಂಗದ ಮೊದಲ ಕಂತನ್ನು ಅವರು ತೆತ್ತರು. ಆಮೇಲೆ 1937ರಲ್ಲಿ ಅಲ್ಲಿನ ಬ್ರಿಟಿಷ್ ಆಡಳಿತ ಲವಂಗದ ರಫ್ತನ್ನು ಒಂದೇ ಸಂಘದ ಕೈಗೆ ಕೊಟ್ಟಾಗ ಭಾರತೀಯ ವರ್ತಕರು ತಿರುಗಿಬಿದ್ದರು. ನಮ್ಮ ಕಾಂಗ್ರೆಸ್ ಲವಂಗ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ವಿದೇಶಿ ಬಟ್ಟೆಯ ಬಹಿಷ್ಕಾರ ನಮಗೆಲ್ಲ ಗೊತ್ತು, ಲವಂಗದ್ದು ಮರೆತೇಹೋಗಿದೆ. 1938ರಲ್ಲಿ ಒಪ್ಪಂದವಾಗಿ ಅದು ನಿಂತಿತು.

ಯೋಕೋಹಾಮಾದ ಕಡೆಗೆ ಬರೋಣ. 1859ರಲ್ಲಿ ಈ ಮೀನುಗಾರರ ಹಳ್ಳಿಯನ್ನು ವಿದೇಶೀ ಹಡಗುಗಳಿಗೆ ತೆರೆದಾಗ ದೆಜಿಮಾದ ಒಂಟಿ ಬಾಗಿಲಿನ ಕಾಲ ಮುಗಿಯಿತು. ಜಾಂಜಿಬಾರಿನಿಂದಾಗಿ ಲವಂಗ ಜಗತ್ತಿನಲ್ಲೆಲ್ಲ ಅಗ್ಗವಾಗುತ್ತಿದ್ದ ಹೊತ್ತು ಅದು. ಆದರೆ ಹದಿನೇಳು ವರ್ಷಕ್ಕೆ, 1876ರಲ್ಲಿ, ಮೇಜಿ ಸರ್ಕಾರ ಸೊಂಟದಲ್ಲಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಎಣ್ಣೆ ಕೈಗೆಟುಕುವ ಹೊತ್ತಿಗೆ ಕತ್ತಿ ಕೈಬಿಟ್ಟಿತು. ಎಷ್ಟೋ ಸಮುರಾಯ್ ಮನೆಗಳ ಕತ್ತಿಗಳು ಇದೇ ಬಂದರಿನ ಅಂಗಡಿಗಳಿಂದ ವಿದೇಶೀಯರ ಪೆಟ್ಟಿಗೆ ಸೇರಿ ಹೊರಟುಹೋದವು.

ಹೊರಹೋದ ಸರಕಿನಲ್ಲಿ ಇಲ್ಲಿನದೇ ಒಂದು ಸುಗಂಧ ತೈಲವೂ ಇತ್ತು, ಪುದೀನಾದ್ದು. ಯೋಕೋಹಾಮಾದ ಬ್ರಿಟಿಷ್ ವರ್ತಕ ಸ್ಯಾಮ್ಯುಯೆಲ್ ಕಾಕಿಂಗ್ ಅದನ್ನು ರಫ್ತು ಮಾಡಿದವರಲ್ಲೊಬ್ಬ. ಎನೋಶಿಮಾಕ್ಕೆ ಪ್ರವಾಸ ಹೋದವರು ಅವನ ಹೆಸರಿನ ತೋಟ, ಹಳೆಯ ಗಾಜಿನಮನೆಯ ಇಟ್ಟಿಗೆ ಅಡಿಪಾಯ ನೋಡಿರುತ್ತೀರಿ. ಎರಡನೇ ಮಹಾಯುದ್ಧಕ್ಕೆ ಮುನ್ನ ಜಗತ್ತಿನ ಪುದೀನಾ ಎಣ್ಣೆಯ ದೊಡ್ಡ ಪಾಲು ಹೊಕ್ಕೈದೋದ ಕಿತಾಮಿಯಿಂದ ಬರುತ್ತಿತ್ತು. ಯುದ್ಧದ ನಂತರ ಬ್ರೆಜಿಲ್ ಪೈಪೋಟಿಗೆ ಬಂತು, ಆಮೇಲೆ ಕೃತಕ ಮೆಂಥಾಲ್. 1983ರಲ್ಲಿ ಕಿತಾಮಿಯ ಕಾರ್ಖಾನೆ ಮುಚ್ಚಿತು. ಅದೇ ದಶಕದಲ್ಲಿ ಜಪಾನಿನದೇ ತಾಕಾಸಾಗೋ ಕಂಪನಿ ನೊಯೋರಿ ರ್‍ಯೋಜಿಯವರ ವಿಧಾನದಿಂದ ಮೆಂಥಾಲನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿತು. ನೊಯೋರಿಯವರಿಗೆ 2001ರಲ್ಲಿ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ.

ಲವಂಗಕ್ಕೆ ಆ ಗತಿ ಬರಲಿಲ್ಲ. ಯೂಜಿನಾಲನ್ನು ಕಾರ್ಖಾನೆಯಲ್ಲಿ ಮಾಡಲು ರಸಾಯನಶಾಸ್ತ್ರಕ್ಕೆ ಬರುತ್ತದೆ, ಆದರೆ ಉದುರಿದೆಲೆಯ ಬೆಲೆಯ ಮುಂದೆ ಅದು ಗಿಟ್ಟುವುದಿಲ್ಲ. ಇದಕ್ಕೆ ದೊಡ್ಡ ಕಾರಣ ಇಂಡೋನೇಷ್ಯಾದ ಲವಂಗದ ಸಿಗರೇಟು, ಕ್ರೆತೆಕ್. ಅದರ ಚಟ ಎಷ್ಟೆಂದರೆ ಲವಂಗದ ತವರು ಜಾಂಜಿಬಾರಿನಿಂದ ಲವಂಗ ಕೊಳ್ಳುವಂತಾಗಿತ್ತು! 1970ರ ದಶಕದಲ್ಲಿ ಸರ್ಕಾರ ಬೆನ್ನುಹತ್ತಿ ನೆಡಿಸಿತು, ಮರಗಳು ಲೆಕ್ಕವಿಲ್ಲದಷ್ಟಾದವು. ಆಗ ಮತ್ತೆ ಏಕಸ್ವಾಮ್ಯ ಬಂತು. 1990ರ ದಶಕದಲ್ಲಿ ಅಧ್ಯಕ್ಷ ಸುಹಾರ್ತೋ ಅವರ ಮಗ ಟಾಮಿಯ ಹಿಡಿತದ ಮಂಡಳಿಯೊಂದಕ್ಕೆ ಇಡೀ ದೇಶದ ಲವಂಗ ಕೊಳ್ಳುವ ಹಕ್ಕು ಹೋಯಿತು. ರೈತರಿಗೆ ದರ ಸಿಗದೆ ಎಷ್ಟೋ ತೋಟಗಳು ಪಾಳುಬಿದ್ದವು. 1998ರಲ್ಲಿ ಐಎಂಎಫ್ ಸಾಲದ ಷರತ್ತಿನಿಂದಾಗಿ ಅದು ರದ್ದಾಯಿತು. 1652ರಲ್ಲಿ ಡಚ್ಚರು ಮಾಡಿದ್ದನ್ನು ಸ್ವತಂತ್ರ ದೇಶದ ದೊರೆಮಗ ಬೇರೆ ರೀತಿಯಲ್ಲಿ ಮಾಡಿದ. ಆದರೂ ಮರ ಉಳಿಯಿತು, ಏಕೆಂದರೆ ಆ ವೇಳೆಗೆ ಅದು ಯಾವ ಒಬ್ಬನ ಕಾವಲಿಗೂ ಸಿಗದಷ್ಟು ದೇಶಗಳಲ್ಲಿ ಬೇರುಬಿಟ್ಟಿತ್ತು.

ಈಗ ನಮ್ಮ ಗಂಧ. ಟಿಪ್ಪು ಸುಲ್ತಾನ್ 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಒಡೆಯರ ಕಾಲಕ್ಕೂ ಅದು ಸರ್ಕಾರದ ಸೊತ್ತಾಗಿಯೇ ಮುಂದುವರಿಯಿತು. ಆದರೆ ಮರ ಕಾದವರು ಎಣ್ಣೆ ತೆಗೆಯುತ್ತಿರಲಿಲ್ಲ. ಕೊರಡು ಹರಾಜಾಗಿ ಹಡಗು ಹತ್ತಿ ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಕೊಳ್ಳುವವರಿಲ್ಲದಾದಾಗ ದಿವಾನ್ ವಿಶ್ವೇಶ್ವರಯ್ಯನವರ ಸರ್ಕಾರ ನಾವೇ ಬಟ್ಟಿ ಇಳಿಸೋಣ ಎಂದು ಹೊರಟಿತು. ಆಲ್ಫ್ರೆಡ್ ಚಾಟರ್ಟನ್ ಉದ್ಯಮ ಇಲಾಖೆಯಲ್ಲಿದ್ದರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣದಾಗಿ, ಮರುವರ್ಷ ಮೈಸೂರಿನಲ್ಲಿ ದೊಡ್ಡದಾಗಿ ಕಾರ್ಖಾನೆ ಶುರುವಾಯಿತು. ಅದರ ಬೆನ್ನಿಗೇ ಬಂದದ್ದು ನಮ್ಮೆಲ್ಲರ ಸೂಟ್‌ಕೇಸಿನಲ್ಲಿ ಜಪಾನಿಗೆ ಬರುವ ಆ ಸೋಪು. ಇದು ನಿಜವಾದ ಸಾಧನೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕಾನೂನಿನ ಇನ್ನೊಂದು ಮುಖವೂ ಇತ್ತು. ನಿಮ್ಮ ಹಿತ್ತಲಲ್ಲಿ ಹುಟ್ಟಿದರೂ ಗಂಧದ ಮರ ಸರ್ಕಾರದ್ದು. ಕಳ್ಳತನವಾದರೆ ವಿಚಾರಣೆ ನಿಮಗೆ. ಹಕ್ಕಿ ಬೀಜ ಹಾಕಿ ಎದ್ದ ಸಸಿಯನ್ನು ಯಾರಿಗೂ ಹೇಳದೆ ಕಿತ್ತೆಸೆಯುವುದು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ರೈತರ ಜಾಣತನವಾಗಿತ್ತು. ಹೊಂಗಿ ದೋಣಿ ಬರಬೇಕಾಗಿರಲಿಲ್ಲ, ಆ ಕೆಲಸವನ್ನು ನಾವೇ ಮಾಡಿದೆವು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಸ್ಪೈಕ್ ರೋಗ, ಆಮೇಲೆ ವೀರಪ್ಪನ್ ಕಾಲದ ಲೂಟಿ ಇವೂ ಸೇರಿ ಕಾಡುಗಂಧ ಕರಗಿತು. ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದು ತಪ್ಪಾದೀತು. ಮರದ ಸ್ವಭಾವವೂ ಇದೆಯಲ್ಲ. ಲವಂಗ ಪ್ರತಿವರ್ಷ ಎಲೆ ಉದುರಿಸುತ್ತದೆ, ಎಣ್ಣೆ ಕೊಟ್ಟೂ ಮರ ನಿಂತಿರುತ್ತದೆ. ಗಂಧದ ಎಲೆಯಲ್ಲಿ ಆ ಪರಿಮಳವಿಲ್ಲ. ಎಣ್ಣೆಯಿರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ, ಬೇರು ಸಮೇತ ಕೀಳದೆ ಬೇರೆ ದಾರಿಯಿಲ್ಲ. ಚೇಗು ಕಟ್ಟಲು ಹದಿನೈದು, ಇಪ್ಪತ್ತು, ಮೂವತ್ತು ವರ್ಷ ಕಾಯಬೇಕು. ಅಷ್ಟು ಕಾಯುವವನಿಗೆ ಮರ ತನ್ನದೆಂಬ ಭರವಸೆಯೇ ಇಲ್ಲದಿದ್ದರೆ ಯಾರು ನೆಟ್ಟಾರು?

ಇಲ್ಲಿನ ಧೂಪದ ಅಂಗಡಿಗಳಲ್ಲಿ ಗಂಧದ ಚಕ್ಕೆಗಳ ಅತ್ಯುತ್ತಮ ದರ್ಜೆಗೆ ರೋಜಾನ್ ಎಂಬ ಹೆಸರಿದೆ. ಅಕ್ಷರಶಃ ಹಳೆಯ ಬೆಟ್ಟ. ಭಾರತದ, ಅದರಲ್ಲೂ ಮೈಸೂರು ಸೀಮೆಯ ಗಂಧಕ್ಕೆ ವ್ಯಾಪಾರದಲ್ಲಿ ಉಳಿದುಬಂದ ಮಾತದು. ಆ ಹೆಸರಿನ ಚೂರು ಒಂದೊಂದು ಗ್ರಾಮಿನ ಲೆಕ್ಕದಲ್ಲಿ ತೂಗುತ್ತದೆ. ಇತ್ತ ಆಸ್ಟ್ರೇಲಿಯಾದ ಉತ್ತರದ ಕುನುನುರಾದಲ್ಲಿ ನೀರಾವರಿ ತೋಟ ಮಾಡಿ, ನಮ್ಮದೇ ಜಾತಿಯ ಗಂಧವನ್ನು ಬೆಳೆದು ಎಣ್ಣೆ ಇಳಿಸುತ್ತಿದ್ದಾರೆ. ಪುವಾವ್ರ್ ಮಾಡಿದ್ದನ್ನು ಈ ಸಲ ಯಾರೂ ಕದಿಯದೆ ಮಾಡಿದ್ದಾರೆ.

ಕರ್ನಾಟಕ 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಸ್ವಂತ ಜಮೀನಿನ ಗಂಧ ಜಮೀನಿನವನದೇ ಎಂದು ಒಪ್ಪಿಕೊಂಡಿತು. ಮಾರುವುದಕ್ಕೆ ಇಲಾಖೆಯ ಅನುಮತಿ, ಕಾಗದಪತ್ರ ಇನ್ನೂ ಇವೆ. ಆದರೂ ಕೋಲಾರ, ತುಮಕೂರು, ಶಿವಮೊಗ್ಗದ ಕಡೆ ಜನ ಧೈರ್ಯ ಮಾಡಿ ನೆಟ್ಟರು. ಬೇಲಿ, ನಾಯಿ, ಕ್ಯಾಮೆರಾ ಹಾಕಿ ರಾತ್ರಿ ಕಾಯುತ್ತಿದ್ದಾರೆ. ಆ ಕಾಯ್ದೆ ಬಂದ ಹೊಸತರಲ್ಲಿ ನೆಟ್ಟ ಸಸಿಗಳಿಗೆ ಈಗ ಇಪ್ಪತ್ತು ದಾಟಿದೆ. ಅವುಗಳ ಚೇಗು ಎಷ್ಟು ಕಟ್ಟಿದೆಯೆಂದು ಕೊರೆದು ನೋಡುವ ಕಾಲ ಬಂದಿದೆ.